ರೊಟ್ಟಿ ಯಾರ ಮನೀದು

ನಾ ಉಣ್ಣುವಾಗ ಯಾರರೆ ಫೋನ್ ಎತ್ತಿ ಫೋಟೋ ತಗದ್ರ ನನಗ ಮೈಯೆಲ್ಲಾ ಉರೀತದ್ರಿ. ಹೋದ ತಿಂಗಳ ಭಾಲ್ಕಿಯಾಗ ನಮ್ಮ ಅಕ್ಕನ ಮಗಳ ಲಗ್ನ ಇತ್ತು. ಊಟಕ್ಕ ಕುಂತೇನಿ, ಎಲಿ ಮ್ಯಾಲ ಹೋಳಿಗಿ ಬಿದ್ದದ, ತುಪ್ಪ ಇನ್ನಾ ಹರೀಲಕತ್ತದ. ಅಷ್ಟರಾಗ ಬೀಗರ ಕಡೀ ಹೆಣ್ಣುಮಗಳೊಬ್ಬಾಕಿ ಎದುರಿಗಿ ಬಂದು ನಿಂತು, "ಆಂಟಿ, ಇಕಡಿ ನೋಡ್ರಿ, ಸ್ವಲ್ಪ ನಗ್ರಿ" ಅಂದಳು. ನುಂಗಿ ಬೈಬೇಕೋ, ಬೈದು ನುಂಗಬೇಕೋ ತಿಳೀದೆ ಎರಡೂ ಕೂಡೇ ಮಾಡ್ಲಾಕ ಹೋದೆ. ನೆತ್ತಿಗಿ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಾಗ ನೀರು ಬಂದ್ವು. ಆಕಿ ಆ ಕೆಮ್ಮೋದನ್ನೂ ಫೋಟೋ ತಗೊಂಡಳು. ಆಮ್ಯಾಲ ನಾ ಏನಂದೆ ಅನ್ನೋದು ಇಲ್ಲಿ ಬರಿಯೋಹಂಗಿಲ್ಲ. ಬೀಗರು ನಮ್ಮ ಅಕ್ಕಗ ಫೋನ್ ಮಾಡಿ, "ನಿಮ್ಮ ತಂಗೀಗಿ ಬಿಪಿ ಅದ ಏನ್ರಿ?" ಅಂತ ಕೇಳಿದ್ರಂತ.

ಬಿಪಿ ಇಲ್ರಿ ನನಗ. ಸಿಟ್ಟು ಅದ. ಎರಡೂ ಬ್ಯಾರೆ ಬ್ಯಾರೆ. ಬಿಪಿಗಿ ಗುಳಗಿ ಸಿಗ್ತಾವ.

ಈ ಸಿಟ್ಟು ಎಲ್ಲಿಂದ ಬಂತು ಅಂತ ಲಗ್ನದ ಮನ್ಯಾಗ ಕುಂತು ಹೇಳ್ಲಾಕ ಆಗಲಿಲ್ಲ. ನಿಮಗ ಹೇಳ್ತೇನಿ, ನೀವು ಫೋನ್ ಬಾಜೂಕ ಇಟ್ಟು ಕೇಳ್ರಿ.

ನಾ ಬೀದರದಾಗ ಒಂದು ಹೈಸ್ಕೂಲಿನ್ಯಾಗ ಕನ್ನಡ ಕಲಿಸ್ತೇನಿ. ಹೆಸರು ಕಸ್ತೂರಿ. ಹುಟ್ಟಿದ್ದು ಭಾಲ್ಕಿ ತಾಲೂಕಿನ ಸಾಯಗಾಂವದಾಗ. ನಮ್ಮ ಮನ್ಯಾಗ ಹೆಣ್ಣುಮಕ್ಕಳು ಭಾಳ, ನಾ ಎಲ್ಲರಿಗಿಂತ ಸಣ್ಣಾಕಿ. ಅಕ್ಕಂದಿರಿಗೆಲ್ಲಾ ರೊಟ್ಟಿ ಬಡಿಯೋದು ಕಲಿಸಿ ಕಲಿಸಿ ನಮ್ಮವ್ವಗ ಸಾಕಾಗಿ ಹೋಗಿತ್ತು. ನನ್ನ ಪಾಳಿ ಬಂದಾಗ, "ನೀ ಓದ್ಕೋ ಹೋಗು" ಅಂದುಬಿಟ್ಟಳು. ಮಂದಿ ತಿಳ್ಕೊಂಡ್ರು ಏನಂದ್ರ, ಕಸ್ತೂರಿ ಅವ್ವ ಭಾಳ ಮುಂದಿನ ವಿಚಾರದಾಕಿ, ಮಗಳಿಗಿ ಓದಸ್ಲಕತ್ತಾಳ ಅಂತ. ಖರೆ ಸಂಗತಿ ಅಂದ್ರ, ನಾ ಬಡದ ಮೊದಲ ರೊಟ್ಟಿ ನೋಡಿ ನಮ್ಮಪ್ಪ, "ಇದು ಯಾವ ತಾಲೂಕಿನ ನಕಾಶಿ?" ಅಂತ ಕೇಳಿದ್ರು. ಅವತ್ತಿಂದ ಹಿಟ್ಟಿನ ಡಬ್ಬಿ ನನ್ನ ಕೈಗಿ ಹತ್ತದಂಗ ಇಟ್ರು.

ಹಂಗಾಗಿ ಅಡಿಗಿ ನನಗ ಇಂದಿಗೂ ಬರಂಗಿಲ್ಲ. ನಮ್ಮ ಮನಿಯವರಿಗಿ ಬಸವಕಲ್ಯಾಣದಾಗ ನೌಕರಿ, ವಾರಕ್ಕೊಮ್ಮಿ ಬರ್ತಾರ. ಬಂದಾಗ ಅವರೇ ಅಡಿಗಿ ಮಾಡ್ತಾರ, ಅವರು ಹೋದ ಮ್ಯಾಲ ನಾ ಸುಸಲಾ ಮಾಡ್ತೇನಿ. ಚುರುಮುರಿ ನೀರಾಗ ತೋಯಿಸಿ, ಹಿಂಡಿ, ಉಳ್ಳಾಗಡ್ಡಿ ಒಗ್ಗರಣಿ ಹಾಕಿದ್ರ ಆಯ್ತು, ಅದರಾಗ ಕೆಡಸ್ಲಾಕ ಏನೂ ಇಲ್ಲ. ಮುಂಜಾನಿ ಬಿಸಿ ಇದ್ದಾಗ ತಿನ್ಲಾಕ ಬರೋಬ್ಬರಿ ಇರ್ತದ. ಅದನ್ನೇ ಡಬ್ಬಿಗಿ ತುಂಬಿ ಮಧ್ಯಾಹ್ನ ತಗದ್ರ ಮಾತ್ರ ಡಬ್ಬಿ ಆಕಾರದಾಗೇ ಹೊರಗ ಬೀಳ್ತದ.

ನಮ್ಮ ಸ್ಟಾಫ್ ರೂಮಿನ್ಯಾಗ ಎಲ್ಲರೂ ಡಬ್ಬಿ ತಂದು ನಡುವ ಇಡ್ತಾರ, ಒಬ್ಬರದಾಗ ಒಬ್ಬರು ಕೈ ಹಾಕಿ ಉಣ್ತಾರ. ನನ್ನ ಡಬ್ಬಿಗಿ ಯಾರೂ ಕೈ ಹಾಕಿದ್ದು ನಾ ನೋಡಿಲ್ಲ. ಅದಕ್ಕೇನೂ ಬ್ಯಾಸರ ಇಲ್ರಿ, ನಾನೂ ಹಾಕ್ತಿರಲಿಲ್ಲ. ಬ್ಯಾಸರ ಅವರ ಮಾತಿಂದು. ಬಾಯಿ ಒಂದೇ ಇರ್ತದ ನೋಡ್ರಿ, ಉಣ್ಣೋದಕ್ಕೂ ಅದೇ, ಮಂದೀ ಮನಿ ಸುದ್ದಿಗೂ ಅದೇ. ಯಾರ ಸೊಸಿ ತವರಿಗಿ ಹೋದಳು, ಯಾರ ಮಗಗ ಹೆಣ್ಣು ಸಿಗವಲ್ದು, ಅದರ ನಡುವ ಒಬ್ಬರ ಫೋನಿನ್ಯಾಗ ಹಾಡು, ಇನ್ನೊಬ್ಬರ ಫೋನಿನ್ಯಾಗ ಭಾಷಣ. ಒಂದಿನ ನನಗ ಸಾಕಾಯ್ತು. ಡಬ್ಬಿ ಎತ್ಕೊಂಡು ಗ್ರಂಥಾಲಯಕ್ಕ ಹೋದೆ. ಗ್ರಂಥಾಲಯ ಅಂದ್ರ ಏನೋ ದೊಡ್ಡದು ತಿಳ್ಕೋಬ್ಯಾಡ್ರಿ. ಎರಡು ಕಪಾಟು, ಒಂದು ಉದ್ದನ ಬೆಂಚು, ಒಂದು ಕಿಡಕಿ. ಅದರ ಚಾರ್ಜ್ ನಂದೇ.

ಒಳಗ ಬೆಂಚಿನ ಆ ತುದಿಗಿ ಹತ್ತನೇ ಕ್ಲಾಸಿನ ಶೀತಲ್ ಕುಂತು ಉಣ್ಲಕತ್ತಿದ್ಳು. ಔರಾದ ತಾಲೂಕಿನ ಎಕಂಬಾದ ಹುಡುಗಿ. ಬೀದರದಾಗ ಬಾಡಗಿ ಮನಿ ಮಾಡಿ ಅಜ್ಜಿ ಜೋಡಿ ಇದ್ದಾಳ ಅನ್ನೋದು ಅಷ್ಟು ಗೊತ್ತಿತ್ತು ನನಗ. ಕ್ಲಾಸಿನ್ಯಾಗ ಕೇಳಿದ್ದಕ್ಕ ಬರೋಬ್ಬರಿ ಉತ್ತರ ಹೇಳ್ತಾಳ, ಕೇಳದಿದ್ರ ಬಾಯಿ ತಗೀಯಂಗಿಲ್ಲ.

ನಮ್ಮ ಮಾಸ್ತರ ಮಂದೀಗಿ ಒಂದು ಖೋಡಿ ಅದ. ಒಂದು ಮಗು ಒಂಟಿ ಕುಂತದ ಅಂದ್ರ ಅದಕ್ಕೇನೋ ದುಃಖ ಇರಲೇಬೇಕು. ತರಬೇತಿದಾಗ ಹಂಗೇ ಹೇಳಿ ಕೊಟ್ಟಾರ. ನಾನೂ ಶುರು ಮಾಡಿದೆ. ಗೆಳತೇರ ಜೋಡಿ ಜಗಳ ಆಗ್ಯಾದೇನವ್ವಾ? ಮನ್ಯಾಗ ಏನರೆ ತ್ರಾಸ ಅದ ಏನು? ಯಾರರೆ ಏನರೆ ಅಂದ್ರೇನು? ಆಕಿ ಬಾಯಾಗಿನ ತುತ್ತು ಪೂರಾ ನುಂಗಿ ಹೇಳಿದ್ಳು.

"ಏನೂ ಇಲ್ರಿ ಟೀಚರ್. ಇಲ್ಲಿ ಸಪ್ಪಳ ಇಲ್ಲ ಅಂತ ಕುಂತೇನ್ರಿ. ಉಣ್ಣುವಾಗ ಮಾತು ಬ್ಯಾಡ ಅಂತಾಳ್ರಿ ನಮ್ಮ ಆಯಿ."

ಆಯಿ ಅಂದ್ರ ಅಜ್ಜಿ. ಇಷ್ಟು ಹೇಳಿ ಆಕಿ ಮತ್ತ ರೊಟ್ಟಿ ಮುರಕೊಂಡ್ಳು. ಇನ್ನ ನೀವೂ ಸುಮ್ನ ಕೂಡ್ರಿ ಅಂತ ಅದರ ಅರ್ಥ. ಹೈಸ್ಕೂಲ್ ಮಾಸ್ತರಕಿ ಮಾಡೋವಾಕಿಗಿ ಒಬ್ಬ ಹುಡುಗಿ ಇಷ್ಟು ಮರ್ಯಾದಿಲೆ ಬಾಯಿ ಮುಚ್ಚಿಸಿದ್ದು ನಾ ಎಲ್ಲೂ ಕೇಳಿಲ್ಲ. ಬಾಯಿ ಮುಚ್ಚಿದೆ.

ಹುಟ್ಟಿದಾಗಿಂದ ನಾ ಅಷ್ಟು ಹೊತ್ತು ಸುಮ್ನ ಕುಂತಿದ್ದು ಅದೇ ಮೊದಲ ಇರಬೇಕು. ಸಣ್ಣಾಕಿ ಇದ್ದಾಗೂ ಕುಂತಾಕಿ ಅಲ್ಲ. ಸಾಯಗಾಂವದಾಗ ನಮ್ಮಜ್ಜ ಇದ್ದಾಗ ಊಟದ ಪಡಸಾಲ್ಯಾಗ ಯಾರೂ ಪಿಟ್ ಅನ್ನೋಹಂಗಿರಲಿಲ್ಲ. ಅಜ್ಜಗ ಒಂದು ಕಿವಿ ಕೇಳ್ತಿರಲಿಲ್ಲ, ಆದ್ರೂ ಯಾವ ಮೂಲ್ಯಾಗ ಯಾವ ಹುಡುಗಿ ನಕ್ಕಳು ಅನ್ನೋದು ಆ ಕಿವೀಗೇ ಕೇಳ್ತಿತ್ತು. ನಕ್ಕಾಕಿ ತಾಟು ಎತ್ಕೊಂಡು ದನದ ಕೊಟ್ಟಗಿಗಿ ಹೋಗಿ ಉಣ್ಬೇಕು. ನಾ ಮುದ್ದಾಮ ನಕ್ಕು ಕೊಟ್ಟಗಿಗಿ ಹೋಗ್ತಿದ್ದೆ, ಅಲ್ಲಿ ಎಮ್ಮಿ ಕೂಡ ಮಾತಾಡ್ಲಾಕ ಆಗ್ತಿತ್ತು. ಅಂಥಾಕಿ ನಾನು.

ಅಂಥಾಕಿಗಿ ಆ ಗ್ರಂಥಾಲಯದ ಬೆಂಚು ಸೇರಿತು ಅಂದ್ರ ನನಗೇ ನಂಬಿಕಿ ಬರಂಗಿಲ್ಲ. ಹೊರಗ ಹುಡುಗೂರ ಗದ್ದಲ, ನಳದಾಗ ನೀರು ಬೀಳೋದು, ಒಳಗ ಕಟಕ ರೊಟ್ಟಿ ಮುರಿಯೋ ಸಪ್ಪಳ ಅಷ್ಟೇ. ಮರುದಿನಾನೂ ಹೋದೆ. ಆಕಿ ಸ್ವಲ್ಪ ಸರದು ಜಾಗ ಮಾಡಿದ್ಳು.

ಎರಡನೇ ದಿನವೋ ಮೂರನೇ ದಿನವೋ, ನಾ ಡಬ್ಬಿಯಿಂದ ಸುಸಲಾ ಚಮಚಲೆ ಅಗೀಲಕತ್ತಿದ್ದೆ. ಶೀತಲ್ ಅದನ್ನ ನೋಡಿದ್ಳು. ತನ್ನ ರೊಟ್ಟಿ ಒಂದು ತಗದು, ಮ್ಯಾಲ ಪುಂಡಿಪಲ್ಲೆ ಹಾಕಿ, ನನ್ನ ಡಬ್ಬಿ ಮುಚ್ಚಳದಾಗ ಇಟ್ಟಳು. ಬೇಕೇನ್ರಿ ಅಂತ ಕೇಳಲಿಲ್ಲ. ನಮ್ಮ ಕಡೀ ಹಂಗ ಕೇಳಿ ನೀಡಂಗಿಲ್ಲ. ಬೇಕೇನಂತ ಕೇಳಿದ್ರ ಯಾರರೆ ಹೂಂ ಅಂತಾರೇನು? ಕೇಳೋದಂದ್ರ ಕೊಡೋ ಮನಸಿಲ್ಲ ಅಂತ ಲೆಕ್ಕ. ನಾ ಉಂಡೆ. ಪುಂಡಿಪಲ್ಲೆದಾಗ ಬಳ್ಳೊಳ್ಳಿ ಬರೋಬ್ಬರಿ ಬಿದ್ದಿತ್ತು. ಉಂಡು ಕೈ ತೊಳ್ಕೊಂಡು ಬರೋದ್ರಾಗ ನನ್ನ ಸುಸಲಾ ಕಿಡಕಿ ಹೊರಗಿನ ಗುಬ್ಬಿಗಳ ಪಾಲಾಗಿತ್ತು. ನಾನೇ ಹಾಕಿದ್ದೆ.

ಆಮ್ಯಾಲ ಅದೇ ರೂಢಿ ಆಯ್ತು. ಸ್ವಲ್ಪ ದಿನಕ್ಕ ಶೀತಲ್ ಚೀಲದಾಗಿಂದ ಎರಡು ಗಂಟು ಹೊರಗ ಬರ್ಲಕತ್ತವು. ಒಂದು ಆಕಿದು, ಇನ್ನೊಂದು ಬಿಳೀ ದಸ್ತಿಯಾಗ ಕಟ್ಟಿದ್ದು, ನಂದು. ಆಯಿ ಕಳಸ್ತಿದ್ಳು. ಹೆಸರುಬ್ಯಾಳಿ, ಶೇಂಗಾ ಹಿಂಡಿ, ಎಣ್ಣಿಬದನಿಕಾಯಿ. ನಾ ಡಬ್ಬಿ ತರೋದೇ ಬಿಟ್ಟೆ. ಬಿಟ್ಟಿದ್ದಷ್ಟೇ ಅಲ್ರಿ, ನನಗ ನಾಲಗಿ ಬೆಳೀತು. ಒಂದಿನ, "ಹಿಂಡಿಗಿ ಖಾರ ಸ್ವಲ್ಪ ಕಮ್ಮಿ ಹಾಕು ಅಂತ ಆಯಿಗಿ ಹೇಳವ್ವಾ" ಅಂದೆ. ಮರುದಿನ ಶೀತಲ್ ಉತ್ತರ ತಂದ್ಳು. "ಖಾರ ಕಮ್ಮಿ ಬೇಕಾದವರು ಮನ್ಯಾಗ ಮಾಡ್ಕೋಬೇಕು ಅಂದಾಳ್ರಿ." ಅವತ್ತು ಖಾರ ಇನ್ನೂ ಒಂದು ಮುಷ್ಟಿ ಜಾಸ್ತಿ ಇತ್ತು. ನಾ ಮೂಗು ಒರಸ್ಕೋತ ಪೂರಾ ಉಂಡೆ. ಶೀತಲ್ ತೆಳಗ ನೋಡಿ ನಕ್ಕಳು.

ನಾ ಆಕಿಗಿ ಏನೂ ಕಲಿಸಲಿಲ್ಲ ಅಲ್ಲಿ. ಆಕಿ ನನಗ ಏನೂ ಕೇಳಲಿಲ್ಲ. ಇಬ್ಬರು ಮನಷ್ಯಾರು ಕೂಡಿ ಸುಮ್ನ ಉಣ್ತಿದ್ವಿ, ಅಷ್ಟೇ. ಇಷ್ಟು ಸಣ್ಣ ಸುಖಕ್ಕೂ ದೃಷ್ಟಿ ಹತ್ತತದ ಅಂತ ನನಗ ಗೊತ್ತಿರಲಿಲ್ಲ.

ಈಗ ನಮ್ಮ ಹೆಡ್ ಮಾಸ್ತರ್ರ ಮಾತಿಗಿ ಬರ್ತೇನಿ. ಅವರು ಕೆಟ್ಟ ಮನಷ್ಯಾ ಅಲ್ರಿ. ಕೆಟ್ಟವರಾಗಿದ್ರ ಅರ್ಧ ತ್ರಾಸ ಕಮ್ಮಿ ಇರ್ತಿತ್ತು. ಭಾಳ ಉಮೇದಿನ ಮನಷ್ಯಾ. ಸಾಲ್ಯಾಗ ಏನರೆ ತನ್ನಷ್ಟಕ್ಕ ತಾ ನಡೀಲಕತ್ತದ ಅಂದ್ರ ಅವರಿಗಿ ತಡ್ಕೊಳ್ಳಾಕ ಆಗಂಗಿಲ್ಲ. ಅದಕ್ಕೊಂದು ಹೆಸರಿಡಬೇಕು, ಒಂದು ಬ್ಯಾನರ್ ಕಟ್ಟಬೇಕು, ಫೋಟೋ ತಗದು ಮ್ಯಾಲಿನವರ ಗ್ರೂಪಿಗಿ ಹಾಕ್ಬೇಕು. ನಮ್ಮ ಅಂಗಳದಾಗ ಒಂದು ಬೇವಿನ ಸಸಿ ಅದ. ಅದನ್ನ ಅವರು ಕಿತ್ತು ಕಿತ್ತು ಬ್ಯಾರೆ ಬ್ಯಾರೆ ಅಧಿಕಾರಿಗಳ ಕೈಲೆ ಮತ್ತ ಮತ್ತ ನೆಡಿಸ್ಯಾರ. ಪಾಪ, ಅದು ಇನ್ನಾ ಮೊಳಕಾಲಿನಷ್ಟೂ ಬೆಳದಿಲ್ಲ.

ಒಂದಿನ ಅವರು ಗ್ರಂಥಾಲಯದ ಕಿಡಕಿದಾಗ ಇಣುಕಿ ನೋಡಿದ್ರಂತ. ನಾವು ಉಣ್ಲಕತ್ತಿದ್ವಿ. ನಾ ಶೀತಲ್ ಕೊಡ್ಲಕತ್ತಿದ್ದ ರೊಟ್ಟಿಗಿ ಕೈ ಚಾಚಿದ್ದೆ. ಅವರು ಫೋನ್ ತಗದು ಒತ್ತಿದ್ರು. ನಮಗ ಗೊತ್ತೇ ಆಗಲಿಲ್ಲ. ನೀವು ಯಾವತ್ತರೆ ಗಮನಿಸೀರೇನು, ಫೋಟೋದಾಗ ತಗೊಳ್ಳೋ ಕೈನೂ ಕೊಡೋ ಕೈಯಂಗೇ ಕಾಣ್ತದ. ನಾ ರೊಟ್ಟಿ ತಗೋಲಕತ್ತಿದ್ದೆ. ಫೋಟೋದಾಗ ಕೊಡ್ಲಕತ್ತಿದ್ದೆ.

ಎರಡು ದಿನಕ್ಕ ಪೇಪರಿನ್ಯಾಗ ಬಂತು. ಮ್ಯಾಲ ದಪ್ಪ ಅಕ್ಷರದಾಗ, "ಬಡ ದಲಿತ ಬಾಲಕಿಗೆ ನಿತ್ಯ ತನ್ನ ಬುತ್ತಿ ನೀಡುವ ಶಿಕ್ಷಕಿ" ಅಂತ. ಕೆಳಗ ನಮ್ಮ ಹೆಡ್ ಮಾಸ್ತರ್ರ ಮಾತು. ಇದು ನಮ್ಮ ಸಾಲಿಯ ‘ಸಹಭೋಜನ’ ಕಾರ್ಯಕ್ರಮ, ಜಾತಿ ಮೀರಿದ ಪ್ರೀತಿ, ಇನ್ನೂ ಏನೇನೋ.

ನಾ ಕನ್ನಡ ಟೀಚರ್ ಇದ್ದೇನ್ರಿ. ಆ ಒಂದು ಸಾಲು ಓದಿ ನನ್ನ ಕೈ ತಾನೇ ಕೆಂಪು ಪೆನ್ನು ಹುಡುಕಿತು. ಬಡ ಅಂತ. ಆಕೀ ಅಪ್ಪ ಬಸ್ ಕಂಡಕ್ಟರ್, ಆಯಿ ಸರ್ಕಾರಿ ದವಾಖಾನ್ಯಾಗ ನರ್ಸ್ ಇದ್ದು ರಿಟೈರ್ ಆಗ್ಯಾಳ, ಪೆನ್ಶನ್ ಬರ್ತದ, ಊರಾಗ ಹೊಲ ಅದ, ಟ್ರ್ಯಾಕ್ಟರ್ ಅದ. ನನ್ನ ಹತ್ರ ಒಂದು ಹಳೀ ಸ್ಕೂಟಿ ಅದ, ಅದ್ರದು ಹಾರ್ನ್ ಆಗಂಗಿಲ್ಲ. ಬಾಲಕಿ ಅಂತ. ಆಕಿ ನನಗಿಂತ ಒಂದು ಗೇಣು ಎತ್ತರ ಇದ್ದಾಳ. ತನ್ನ ಬುತ್ತಿ ಅಂತ. ಯಾರ ಬುತ್ತಿ? ನೀಡುವ ಅಂತ. ಅಯ್ಯೋ ನನ್ನ ಶಿವನೇ. ದಲಿತ, ನಿತ್ಯ, ಶಿಕ್ಷಕಿ, ಈ ಮೂರು ಬಿಟ್ರ ಆ ಸಾಲಿನ್ಯಾಗ ಖರೆ ಮಾತೇ ಇರಲಿಲ್ಲ. ಎಂಟನೇ ಕ್ಲಾಸಿನ ಹುಡುಗೂರೂ ಒಂದು ವಾಕ್ಯದಾಗ ಇಷ್ಟು ತಪ್ಪು ಮಾಡಂಗಿಲ್ಲ.

ಪೇಪರ್ ಹಿಡ್ಕೊಂಡೇ ಹೆಡ್ ಮಾಸ್ತರ್ರ ರೂಮಿಗಿ ಹೋಗಿ, "ಇದೆಲ್ಲಾ ಸುಳ್ಳದರಿ ಸರ್, ನಾನೇ ಆಕೀದು ಉಣ್ತೇನಿ" ಅಂತ ಒದರಿದೆ. ಅವರು ಎದ್ದು ನಿಂತು ಕೈ ಮುಗದ್ರು. "ಟೀಚರ್, ನಿಮ್ಮ ವಿನಯ ಭಾಳ ದೊಡ್ಡದು" ಅಂದ್ರು. ಸಿಟ್ಟಿಗೂ ವಿನಯಕ್ಕೂ ಫರಕ ತಿಳೀದ ಮನಷ್ಯಾನ ಜೋಡಿ ಹ್ಯಾಂಗ ಜಗಳ ಮಾಡಬೇಕು ಹೇಳ್ರಿ. ಪ್ರಾರ್ಥನಾ ಟೈಮಿನ್ಯಾಗ ನನ್ನ ಹೆಸರು ಕೂಗಿದ್ರು, ನಾ ಬಾಯಿ ತಗಿಯೋದ್ರಾಗ ಹೆಗಲ ಮ್ಯಾಲ ಒಂದು ಶಾಲು ಬಿತ್ತು. ಹುಡುಗೂರು ಚಪ್ಪಾಳಿ ಹೊಡದ್ವು. ಆ ಪೇಪರಿನ ತುಕಡಿ ನೋಟಿಸ್ ಬೋರ್ಡಿಗಿ ಹೋತು, ಕಾಜಿನ ಒಳಗ. ನಾ ಸಾಲಿನ್ಯಾಗ ಶೀತಲ್‌ನ್ನ ಹುಡುಕಿದೆ. ಆಕಿ ನಿಂತಲ್ಲೇ ನೆಲ ನೋಡ್ಲಕತ್ತಿದ್ಳು. ಬಾಜೂದಾಕಿ ಆಕೀ ಕಿವ್ಯಾಗ ಏನೋ ಅಂದು ನಕ್ಕಳು.

ಮನಿಗಿ ಬಂದ್ರ ಫೋನ್ ಮ್ಯಾಲ ಫೋನ್. ಎಲ್ಲರಿಗೂ ನನ್ನ ಮನಸು ಭಾಳ ದೊಡ್ಡದು ಅಂತ ಅವತ್ತೇ ತಿಳಿದಿತ್ತು. ಸಾಯಗಾಂವದಿಂದ ನಮ್ಮ ಅತ್ತಿಗಿ ಮಾಡಿದ್ಳು. "ಹ್ಯಾಂಗ ಉಣ್ತೀ ಅವ್ವಾ ಅಂಥಲ್ಲಿ ಕುಂತು? ಧೈರ್ಯ ಬೇಕು ನೋಡು" ಅಂದಳು. "ಧೈರ್ಯ ಯಾಕ ಬೇಕು ಅತ್ತಿಗಿ, ಕಟಕ ರೊಟ್ಟಿ ಉಣ್ಲಾಕ ಹಲ್ಲು ಬೇಕು. ನನ್ನವು ಇನ್ನಾ ಗಟ್ಟಿ ಅವ" ಅಂದೆ. ಆಕಿಗಿ ತಿಳೀಲಿಲ್ಲ. ಆಮ್ಯಾಲ ತಿಳಿಯೋಹಂಗ ಬಿಡಿಸಿ ಹೇಳಿದೆ. ಅವತ್ತಿಂದ ಆಕಿ ನನ್ನ ಜೋಡಿ ಮಾತು ಬಿಟ್ಟಾಳ, ಛಲೋನೇ ಆಯ್ತು.

ಮರುದಿನ ಶೀತಲ್ ಸಾಲಿಗಿ ಬರಲಿಲ್ಲ. ಅದರ ಮರುದಿನಾನೂ ಇಲ್ಲ. ಬಾಡಗಿ ಮನಿಗಿ ಹೋಗಿ ನೋಡಿದೆ, ಕೀಲಿ ಹಾಕಿತ್ತು. ಬಾಜೂ ಮನಿ ಬೀಬಿಯವರು ಹೊರಗ ಬಂದು, "ಅಮ್ಮಾ ಗಂಟು ಕಟ್ಕೊಂಡು ಎಕಂಬಾಕ ಹೋಗ್ಯಾಳ್ರಿ. ಪೋರೀನ್ನೂ ಕರ್ಕೊಂಡು ಹೋದ್ಳು. ಭಾಳ ಗುಸ್ಸಾದಾಗ ಇದ್ಳು" ಅಂದ್ರು. ಹತ್ತನೇ ಕ್ಲಾಸು, ಪರೀಕ್ಷಾ ಹತ್ರ ಬಂದಿತ್ತು. ಈಗ ಬಿಟ್ಟರ ಆಕೀದು ಪೂರಾ ವರ್ಷ ಹೋಗ್ತಿತ್ತು.

ಹೆಡ್ ಮಾಸ್ತರ್ರಿಗಿ ಹೇಳಿದೆ. ಅವರಿಗೂ ಚಿಂತಿ ಆಯ್ತು. "ಹೌದಲ್ರಿ, ಸೋಮವಾರ ಅಧಿಕಾರಿಗಳು ಸಹಭೋಜನ ನೋಡ್ಲಾಕ ಬರ್ತೇವಿ ಅಂದಾರ" ಅಂದ್ರು. ಸ್ವಲ್ಪ ವಿಚಾರ ಮಾಡಿ, "ಅವತ್ತಿಗಿ ಬ್ಯಾರೆ ಒಬ್ಬಾಕಿನ್ನ ಕೂಡಿಸ್ಕೊಂಡು ಉಣ್ರಿ. ಅದೇ ಸಮಾಜದಾಕಿ ಇರಲಿ" ಅಂದ್ರು.

ನಾ ಅಲ್ಲಿ ಏನೂ ಅನ್ನಲಿಲ್ಲ. ಅನ್ನಲಿಲ್ಲ ಅಂದ್ರ ನೀವೇ ತಿಳ್ಕೋರಿ, ಎಷ್ಟು ಸಿಟ್ಟು ಬಂದಿರಬೇಕು.

ರವಿವಾರ ಮುಂಜಾನಿ ಬಸ್ಸಿನ್ಯಾಗ ಔರಾದಕ್ಕ ಹೋಗಿ, ಅಲ್ಲಿಂದ ಟಂಟಂ ಹಿಡ್ದು ಎಕಂಬಾಕ ಹೋದೆ. ತೊಗರಿ ರಾಶಿ ದಿನ, ದಾರಿಗುಂಟ ಧೂಳು. ಮನಿ ಹುಡುಕೋದು ಕಷ್ಟ ಆಗಲಿಲ್ಲ, ನರ್ಸಬಾಯಿ ಮನಿ ಅಂದ್ರ ಸಣ್ಣ ಮಕ್ಕಳೂ ತೋರಿಸ್ತಾವ. ಪಡಸಾಲಿ ಗ್ವಾಡಿ ಮ್ಯಾಲ ಬುದ್ಧನ ಫೋಟೋ, ಅದರ ಬಾಜೂಕ ಬಿಳೀ ಸೀರ್ಯಾಗ ಆಯಿ ನರ್ಸ್ ಇದ್ದಾಗಿನ ಫೋಟೋ. ಕೆಳಗ ಹೊರಸಿನ ಮ್ಯಾಲ ಆಯಿ ಕುಂತಿದ್ಳು. ಆಕೀ ಕೈಯಡಿಗಿ ಇಷ್ಟು ದಿನ ಉಂಡಿದ್ದೆ, ಮಾರಿ ನೋಡಿದ್ದು ಅವತ್ತೇ ಮೊದಲ. ಫೋಟೋದಾಗಿನ ಬಿರುಸು ಇನ್ನಾ ಹಂಗೇ ಇತ್ತು.

"ಬರ್ರಿ ಬಾಯಾರ, ಕೂಡ್ರಿ" ಅಂದ್ಳು. ನಮ್ಮ ಕಡೀ ಹಿರೇರು ಟೀಚರಿಗಿ ಬಾಯಾರ ಅಂತಾರ. ಒಂದು ಗಿಲಾಸ್ ನೀರು ಕೊಟ್ಳು. ಶೀತಲ್ ಒಳಗಿನ ಬಾಗಲ್ದಾಗ ನಿಂತಿದ್ಳು.

"ಯಾಕ ಬಂದ್ರಿ?"

"ಶೀತಲ್‌ನ್ನ ಕರೀಲಾಕ ಬಂದೇನ್ರಿ ಆಯಿ. ಪರೀಕ್ಷಾ ಹತ್ರ ಬಂದದ."

"ಮುಂದಿನ ವರ್ಷ ಔರಾದದಾಗ ಬರೀತಾಳ. ಒಂದು ವರ್ಷ ಹೋದ್ರ ಹೋಗಲಿ. ಮಂದೀ ಹಂಗಿನ್ಯಾಗ ಉಂಡು ಕಲ್ತಾಳ ಅಂತ ಅನಸ್ಕೊಂಡು ಪಾಸ್ ಆಗೋದು ಬ್ಯಾಡ."

"ನಾ ಬರಸಿಲ್ರಿ ಅದನ್ನ."

"ಬರಸಿಲ್ಲ, ಖರೆ" ಅಂದ್ಳು ಆಯಿ. "ಶಾಲು ಹೊಚ್ಕೊಂಡ್ರಲ್ಲ."

ಆಯಿ ದಿಂಬಿನ ಕೆಳಗಿಂದ ಪೇಪರ್ ತಗದು ಬಿಚ್ಚಿದ್ಳು.

"ನಾ ನರ್ಸ್ ಇದ್ದಾಗ ಈ ಸುತ್ತಿನ ಹಳ್ಳ್ಯಾಗ ಎಷ್ಟೋ ಮನ್ಯಾಗ ಹೆರಗಿ ಮಾಡ್ಸೇನ್ರಿ. ಅವರ ಕೂಸು ನನ್ನ ಕೈಯಾಗೇ ಮೊದಲ ಅಳ್ತಿತ್ತು. ಆಮ್ಯಾಲ ನನಗ ಚಹಾ ಕೊಡ್ತಿದ್ರು, ಗಿಲಾಸ್ ಮಾತ್ರ ಬ್ಯಾರೆ. ಅದನ್ನ ತೊಳದು ಹಿತ್ತಲದಾಗ ಡಬ್ಬ ಹಾಕಿ ಇಟ್ಟು ಬರಬೇಕು. ನಾ ಕುಡೀತಿರಲಿಲ್ಲ. ಹಸದು ಮನಿಗಿ ಬರ್ತಿದ್ದೆ. ಆದ್ರ ಅವರು ಯಾರೂ ಪೇಪರಿನ್ಯಾಗ ಬರಸಲಿಲ್ಲ ಬಾಯಾರ, ನರ್ಸಬಾಯಿಗಿ ಚಹಾ ಕೊಟ್ಟೇವಿ ಅಂತ. ನೀವು ನನ್ನ ರೊಟ್ಟಿ ಉಂಡು, ನೀವೇ ನೀಡಿದಂಗ ಆಯ್ತು."

ಒಳಗ ಒಲಿ ಮ್ಯಾಲಿನ ಸಾರಿನ ವಾಸನಿ ಬರ್ಲಕತ್ತಿತ್ತು. ಊಟದ ಹೊತ್ತು. ಆಯಿ ನನ್ನ ಮಾರಿ ನೋಡಿದ್ಳು.

"ಇವತ್ತು ಉಣ್ರಿ ಅನ್ನಂಗಿಲ್ಲ ನಿಮಗ. ಉಂಡ್ರ ನಾಳಿ ಅದೂ ಪೇಪರಿನ್ಯಾಗ ಬರ್ತದ."

ನಮ್ಮ ಕಡೀ ಊಟದ ಹೊತ್ತಿಗಿ ಬಂದವರಿಗಿ ಉಣ್ಣು ಅನ್ನದೆ ಕಳಸಂಗಿಲ್ರಿ. ವೈರಿ ಬಂದ್ರೂ ಕಳಸಂಗಿಲ್ಲ. ನನ್ನ ಜಲ್ಮದಾಗ ಯಾರೂ ನನಗ ಅಷ್ಟು ದೊಡ್ಡ ಮಾತು ಅಂದಿರಲಿಲ್ಲ. ಅಳು ಬಂತು, ಅದರಕಿಂತ ಜಾಸ್ತಿ ಸಿಟ್ಟು ಬಂತು. ಆಯಿ ಮ್ಯಾಲ ಅಲ್ಲ. ಕಿಡಕಿದಾಗ ನಿಂತು ಒಂದು ಗುಂಡಿ ಒತ್ತಿ, ಇಬ್ಬರು ಉಣ್ಣೋದನ್ನ ಒಬ್ಬರ ಉಪಕಾರ ಮಾಡಿ ಇಟ್ಟರಲ್ಲ, ಅವರ ಮ್ಯಾಲ. ಅದನ್ನ ಓದಿ ನನ್ನ ಮನಸು ದೊಡ್ಡದು ಅಂದ್ರಲ್ಲ, ಅವರೆಲ್ಲರ ಮ್ಯಾಲ.

"ನಾಳಿಗೇ ಆ ತುಕಡಿ ಬೋರ್ಡಿಂದ ಕಿತ್ತು ಒಗೀತೇನಿ" ಅಂದೆ.

ಅವಾಗ ಬಾಗಲ್ದಾಗಿಂದ ಶೀತಲ್ ಮಾತಾಡಿದ್ಳು. "ಕೀಳಬ್ಯಾಡ್ರಿ ಟೀಚರ್. ತಿದ್ರಿ."

"ಏನಂದಿ?"

"ನಾವು ನಿಬಂಧದಾಗ ತಪ್ಪು ಬರದ್ರ ನೀವು ಹಾಳಿ ಹರದು ಒಗೀತೀರೇನ್ರಿ? ಕೆಂಪು ಪೆನ್ನಿಲೆ ತಿದ್ತೀರಿ. ಕಿತ್ತು ಒಗದ್ರ ಓದಿದವರೆಲ್ಲಾ ಅದನ್ನೇ ಖರೆ ಅಂತ ತಿಳ್ಕೊಂಡೇ ಇರ್ತಾರಿ. ಎಲ್ಲಿ ತಪ್ಪದ ಅಂತ ಅವರಿಗಿ ಕಾಣ್ಬೇಕ್ರಿ."

ಆಕಿ ಒಮ್ಮಿಗೇ ಅಷ್ಟು ಮಾತಾಡಿದ್ದು ನಾ ಕೇಳಿರಲಿಲ್ಲ. ಆಯಿ ಪೇಪರ್ ಮಡಚಿದ್ಳು. "ಕೇಳಿದ್ರಿಲ್ಲ. ತಿದ್ದೋ ದಿನ ಹೇಳ್ರಿ, ನಾನೇ ಕರ್ಕೊಂಡು ಬರ್ತೇನಿ" ಅಂದ್ಳು.

ಹಸಕೊಂಡು ಬೀದರಕ್ಕ ಬಂದೆ. ಬಸ್ ಸ್ಟ್ಯಾಂಡಿನ್ಯಾಗ ಇಳದವಳೇ ಆ ಪೇಪರಿನವರಿಗಿ ಫೋನ್ ಹಚ್ಚಿದೆ. ಸುದ್ದಿ ಬರದ ಪುಣ್ಯಾತ್ಮ ಭಾಳ ಸಮಾಧಾನದಿಂದ ಮಾತಾಡಿದ. "ಮೇಡಂ, ತಪ್ಪು ಅಂದ್ರ ಮಂದಿ ಬೈಬೇಕು. ಇದಕ್ಕ ಎಲ್ಲರೂ ಹೊಗಳ್ಯಾರ. ಒಳ್ಳೇ ಸುದ್ದಿ ಯಾಕ ಕೆಡಸ್ತೀರಿ?" ಅಂದ. ಆಮ್ಯಾಲ ಹೆಡ್ ಮಾಸ್ತರ್ರ ಮನಿಗಿ ಹೋದೆ. ತಿದ್ದುಪಡಿ ಹಾಕಿಸ್ರಿ ಅಂದೆ. ಅವರು ಚಹಾ ತರಿಸಿ, "ಉದ್ದೇಶ ಒಳ್ಳೇದದಲ್ರಿ ಟೀಚರ್. ಕೂಡಿ ಉಂಡಿದ್ದು ಖರೆ. ರೊಟ್ಟಿ ಯಾರ ಮನೀದಾದ್ರೇನು?" ಅಂದ್ರು.

"ಹಂಗಾದ್ರ ಈ ತಿಂಗಳ ನಿಮ್ಮ ಪಗಾರ ನನ್ನ ಖಾತೇಕ ಹಾಕಸ್ರಿ ಸರ್. ಬಂದಿದ್ದು ಖರೆ ಇರ್ತದ, ಯಾರ ಖಾತೇದಾದ್ರೇನು" ಅಂದೆ. ಚಹಾ ಕುಡೀದೇ ಎದ್ದು ಬಂದೆ. ಅವರು ಇದನ್ನೂ ವಿನಯ ಅಂತ ತಿಳ್ಕೊಂಡ್ರೋ ಏನೋ ಗೊತ್ತಿಲ್ಲ.

ರಾತ್ರಿ ಆಯಿಗಿ ಫೋನ್ ಮಾಡಿದೆ. "ಯಾರೂ ತಿದ್ದಂಗಿಲ್ರಿ ಆಯಿ. ಮುಂಜಾನಿ ಬರ್ರಿ, ನಾವೇ ತಿದ್ದೋಣ" ಅಂದೆ. ಆಯಿ ಹೂಂ ಅಂದ್ಳು, ಫೋನ್ ಇಟ್ಟಳು.

ಸೋಮವಾರ ಪ್ರಾರ್ಥನಾಕ್ಕಿಂತ ಮೊದಲ ಇಬ್ಬರೂ ಗೇಟಿನ್ಯಾಗ ಬಂದು ನಿಂತ್ರು. ಶೀತಲ್ ಯೂನಿಫಾರ್ಮ್ ಹಾಕಿದ್ಳು, ಆದ್ರ ಪುಸ್ತಕದ ಚೀಲ ಆಯಿ ಹೆಗಲಿಗಿ ಇತ್ತು. ನಾ ಹೋಗಿ ಚೀಲಕ್ಕ ಕೈ ಚಾಚಿದೆ. ಆಯಿ ಕೊಡಲಿಲ್ಲ. "ಮೊದಲ ಅದು ಆಗಲಿ" ಅಂದ್ಳು.

ನೋಟಿಸ್ ಬೋರ್ಡಿನ ಕೀಲಿ ಗ್ರಂಥಾಲಯದ ಕೀಲಿ ಜೋಡೀನೇ ಇರ್ತದ, ಅದೂ ನನ್ನ ಚಾರ್ಜೇ. ಕಾಜಿನ ಬಾಗಲಾ ತಗದೆ. ಕೆಂಪು ಪೆನ್ನು ಶೀತಲ್ ಕೈಯಾಗ ಕೊಟ್ಟೆ. ಹುಡುಗೂರು ಸುತ್ತ ಕೂಡ್ಲಕತ್ತವು. ಶೀತಲ್ ಮೊದಲ ‘ಬಡ’ ಅನ್ನೋದರ ಮ್ಯಾಲ ಒಂದು ಗೆರಿ ಎಳದ್ಳು. ಆಮ್ಯಾಲ ಫೋಟೋದ ಕೆಳಗ, ನಾ ಕಲಿಸಿದ ಹಂಗೇ ದುಂಡ ಅಕ್ಷರದಾಗ ಬರದಳು. "ಈ ರೊಟ್ಟಿ ನಮ್ಮ ಮನೆಯದು. ನಮ್ಮ ಆಯಿ ಮಾಡಿದ್ದು. ಟೀಚರ್ ದಿನಾ ಉಣ್ಣುತ್ತಿದ್ದರು." ಕೆಳಗ ತನ್ನ ಹೆಸರು, ಊರಿನ ಹೆಸರು.

ಹಿಂದಿನಿಂದ ಹೆಡ್ ಮಾಸ್ತರ್ರು ಬಂದ್ರು. ಓದಿದ್ರು. ಅವರ ಮಾರಿ ಕೆಂಪಗಾಯ್ತು. "ಏನಿದು ಟೀಚರ್? ಇನ್ನೊಂದು ತಾಸಿನ್ಯಾಗ ಅಧಿಕಾರಿಗಳು ಬರ್ತಾರ. ಇದನ್ನ ಓದಿದವರು ನಿಮಗ ಏನಂತಾರ, ಒಂದಿಷ್ಟು ವಿಚಾರ ಮಾಡೀರೇನು? ಮಕ್ಕಳ ಡಬ್ಬಿ ಉಣ್ಣೋ ಟೀಚರ್ ಅಂತಾರ."

ಅವರಿಗಿ ಹೇಳೋ ಮಾತು ನನ್ನ ಹತ್ರ ಭಾಳ ಇದ್ದವು. ಶೀತಲ್ ಕೈಯಾಗಿನ ಪೆನ್ನು ತಗೊಂಡೆ. ಆಕಿ ಬರದಿದ್ದನ್ನ ಮೊದಲಿಂದ ಕಡೀತನ ಓದಿದೆ. ಒಂದು ತಪ್ಪೂ ಇರಲಿಲ್ಲ. ಬಾಜೂಕ ರೈಟ್ ಹಾಕಿದೆ, ಅದರ ಕೆಳಗ ಪೂರಾ ಹೆಸರು ಬರದು ಸಹಿ ಮಾಡಿದೆ.

ಆಯಿ ಮುಂದ ಬಂದ್ಳು. ಹುಡುಗೂರು ಸರದು ದಾರಿ ಬಿಟ್ವು. ಆಕಿ ಚಸ್ಮಾ ಹಾಕ್ಕೊಂಡು, ಬೋರ್ಡಿಗಿ ಮಾರಿ ಹತ್ರ ಒಯ್ದು, ಮೊಮ್ಮಗಳು ಬರದಿದ್ದು ಓದಿದ್ಳು, ನನ್ನ ಸಹಿ ಓದಿದ್ಳು. ಅವಸರ ಮಾಡಲಿಲ್ಲ. ಚಸ್ಮಾ ತಗದು ಮಡಚಿ ಇಟ್ಟಳು. ಆಮ್ಯಾಲ ಹೆಗಲ ಮ್ಯಾಲಿನ ಚೀಲ ಇಳಿಸಿ ಶೀತಲ್ ಹೆಗಲಿಗಿ ಹಾಕಿದ್ಳು.

"ಹೋಗು. ಗಂಟಿ ಆಗ್ಯಾದ."